ಹಗ್ಗ ಅಳಿಸುವವಳ ಕೀಲಿ

ಸಿನಿಮಾದಲ್ಲಿ ನಾಯಕ ನಾಲ್ಕನೇ ಮಹಡಿಯಿಂದ ಹಾರಿ, ಬಾಚಿದ ಕ್ರಾಪೂ ಕೆದರದಂತೆ ನೆಲಕ್ಕಿಳಿಯುತ್ತಾನಲ್ಲ, ಆಗ ಅವನ ಸೊಂಟಕ್ಕೆ ಎರಡು ಹಗ್ಗ ಕಟ್ಟಿರುತ್ತಾರೆ. ಆ ಹಗ್ಗವನ್ನು ಚಿತ್ರದಿಂದ ಅಳಿಸಿಹಾಕುವುದು ನ್ಯಾಮತಿಯ ಚೈತ್ರಶ್ರೀಯ ಕಸುಬು. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ಪ್ರತಿಯೊಂದರಲ್ಲೂ ಹಗ್ಗ ಒರೆಸಬೇಕು, ಅದರ ಹಿಂದೆ ಮರೆಯಾಗಿದ್ದ ಗೋಡೆಯನ್ನೋ ಆಕಾಶವನ್ನೋ ಮತ್ತೆ ತುಂಬಬೇಕು. ಕೆಲಸ ಚೆನ್ನಾಗಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಗೆಲಸವೂ ಹಾಗೇ ಅಲ್ಲವೇ ಎಂದು ಅವಳೇ ನಗುತ್ತಾಳೆ. ಅಕ್ಕಪಕ್ಕದವರು ಅಷ್ಟು ದೂರ ಯೋಚಿಸಲು ಹೋಗಿಲ್ಲ. ಪ್ರದೀಪನ ಹೆಂಡತಿ ಕಂಪ್ಯೂಟರಿನಲ್ಲಿ ಅದೇನೋ ಒರೆಸುತ್ತಾಳಂತೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಅವಳು ಜಗಳೂರು ಕಡೆಯ ಸೊಕ್ಕೆಯ ಹುಡುಗಿ. ಮದುವೆಯಾಗಿ ನ್ಯಾಮತಿಗೆ ಬಂದ ವರ್ಷವೇ ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಅಂತಸ್ತಿನಲ್ಲಿ ನಡೆಯುತ್ತಿದ್ದ ಒಂದು ಚಿಕ್ಕ ಸ್ಟುಡಿಯೋ ಸೇರಿದಳು. ಹತ್ತು ಕಂಪ್ಯೂಟರ್, ಹತ್ತು ಜನ. ಐದು ವರ್ಷ ದಿನಾ ಬಸ್ಸಿನಲ್ಲಿ ಹೋಗಿಬಂದು ಕೈ ಪಳಗಿಸಿಕೊಂಡಳು. ಆಮೇಲೆ ಒಂದು ದಿನ ಮಾಲೀಕರು ಸ್ಟುಡಿಯೋ ಮುಚ್ಚಿದರು, ಹತ್ತೂ ಕಂಪ್ಯೂಟರು ಲಾರಿ ಹತ್ತಿದವು. ಅವುಗಳಲ್ಲಿದ್ದ ತಂತ್ರಾಂಶದ ಲೈಸೆನ್ಸು ಆಯಾ ಕಂಪ್ಯೂಟರಿಗೇ ಅಂಟಿಕೊಂಡದ್ದು. ಯಂತ್ರ ಹೋದರೆ ಅನುಮತಿಯೂ ಅದರ ಜೊತೆಗೇ ಹೋದ ಹಾಗೆ. ಕೈಗೆ ಕೆಲಸ ಗೊತ್ತಿತ್ತು, ಮಾಡುವ ಹಕ್ಕು ಇರಲಿಲ್ಲ. ಕದ್ದ ಪ್ರತಿ ಹಾಕಿಕೊಡುತ್ತೇವೆ ಎಂದು ಒಬ್ಬಿಬ್ಬರು ಮುಂದೆ ಬಂದರೂ ಅವಳಿಗೆ ಧೈರ್ಯ ಬರಲಿಲ್ಲ, ಮನಸ್ಸೂ ಬರಲಿಲ್ಲ. ಅದೂ ಅಲ್ಲದೆ ಕೆಲಸ ಕೊಡುವವರು ಮೊದಲು ಕೇಳುವುದೇ ಲೈಸೆನ್ಸ್ ನಂಬರು. ಹೀಗೆ ಹನ್ನೊಂದು ತಿಂಗಳು ಕೈಕಟ್ಟಿ ಕೂತಳು. ಆ ಹನ್ನೊಂದು ತಿಂಗಳನ್ನು ನೆನೆದರೆ ಇವತ್ತಿಗೂ ಅವಳ ಮುಖ ಚಿಕ್ಕದಾಗುತ್ತದೆ.

ಡಾಂಗಲ್ ವಿಷಯ ತಿಳಿದದ್ದು ಆಗ. ಅದು ಹೆಬ್ಬೆರಳಷ್ಟು ಉದ್ದದ ಕಪ್ಪು ತುಂಡು. ಇದರಲ್ಲಿ ಅನುಮತಿ ಕಂಪ್ಯೂಟರಿನೊಳಗೆ ಇರುವುದಿಲ್ಲ, ಆ ತುಂಡಿನೊಳಗೆ ಇರುತ್ತದೆ. ತಂತ್ರಾಂಶವನ್ನು ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು, ಡಾಂಗಲ್ ಚುಚ್ಚಿದ ಕಡೆ ಮಾತ್ರ ಅದು ಬಾಯಿ ಬಿಡುತ್ತದೆ. ಅದನ್ನು ಕೊಂಡ ಮೇಲೆ ಒಮ್ಮೆ ಮನೆಯ ಕಂಪ್ಯೂಟರು ಒಂದು ತಿಂಗಳು ರಿಪೇರಿಗೆ ಹೋದಾಗ ಅವಳು ಚನ್ನಗಿರಿಗೆ ಹೋಗಿ ಗೆಳತಿ ರುದ್ರಾಣಿಯ ಫೋಟೋ ಸ್ಟುಡಿಯೋದಲ್ಲಿ ಕೂತು ಕೆಲಸ ಮುಗಿಸಿದ್ದಳು. ತವರಿಗೆ ಹೋದರೆ ತಮ್ಮ ಮಾರುತೇಶನ ಲ್ಯಾಪ್‌ಟಾಪು ಸಾಕು. ಅವಳು ಹೋದಲ್ಲಿಗೆ ಕೆಲಸವೂ ಬರುತ್ತದೆ. ಆದರೆ ಕಂಪನಿಯವರ ಕಾಗದದಲ್ಲಿ ದಪ್ಪ ಅಕ್ಷರದ ಒಂದು ಸಾಲಿತ್ತು: ಕಳೆದುಕೊಂಡರೆ ಬದಲಿ ಕೊಡುವುದಿಲ್ಲ, ಹೊಸದನ್ನೇ ಕೊಳ್ಳಬೇಕು.

ಕೊಳ್ಳಲು ಅವಳ ಹತ್ತಿರ ಇದ್ದದ್ದು ಮದುವೆಯಲ್ಲಿ ಅವ್ವ ಗಾದ್ರಮ್ಮ ಕೊಟ್ಟ ಒಂದು ಜೊತೆ ಚಿನ್ನದ ಬಳೆ. ಅವನ್ನು ಮಾರಿದಳು. ಪ್ರದೀಪ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ಮೆದು ಮನುಷ್ಯ, ನಿನ್ನಿಷ್ಟ ಎಂದ. ಅವನ ತಾಯಿ ಉಚ್ಚಂಗೆಮ್ಮ ಹಾಗೆನ್ನಲಿಲ್ಲ. ಬಳೆ ಹೋಗಿ ಪ್ಲಾಸ್ಟಿಕ್ ತುಂಡು ಬಂತು ಎಂದು ಮೂಗು ಮುರಿದರು, ಆ ಮುರಿದ ಮೂಗು ಮೂರು ವರ್ಷವಾದರೂ ನೆಟ್ಟಗಾಗಿರಲಿಲ್ಲ. ಡಾಂಗಲ್ ಎಂಬ ಹೆಸರನ್ನು ಅವರು ಒಮ್ಮೆಯೂ ಬಾಯಿಗೆ ತರಲಿಲ್ಲ. ಗಾದ್ರಮ್ಮನೂ ತರಲಿಲ್ಲ ಬಿಡಿ, ಆದರೆ ಅವಳು ಅದಕ್ಕೆ ಕೀಲಿ ಎಂದು ಹೆಸರಿಟ್ಟಳು.

ಹೋದ ಮಾಘದಲ್ಲಿ ಮಾರುತೇಶನ ಮಗುವಿಗೆ ತೊಟ್ಟಿಲು ಹಾಕುವ ಶಾಸ್ತ್ರಕ್ಕೆಂದು ಚೈತ್ರಶ್ರೀ ಸೊಕ್ಕೆಗೆ ಹೋಗಿ ನಾಲ್ಕು ದಿನ ಇದ್ದಳು. ಬಿಡುವು ಸಿಕ್ಕಾಗೆಲ್ಲ ತಮ್ಮನ ಲ್ಯಾಪ್‌ಟಾಪು ತೆರೆದು, ಒಂದು ಹೊಸ ಚಿತ್ರದ ಏಳು ತುಣುಕು ಮುಗಿಸಿ ಕಳಿಸಿದ್ದಳು. ಆ ಚಿತ್ರದ ಕೆಲಸ ಹಂಚುವ ರೇಣುಕಪ್ರಸಾದ್ ಎಂಬುವರು ಅವಳಿಗೆ ಮೊದಲ ಸಲ ಕೆಲಸ ಕೊಟ್ಟಿದ್ದರು. ಇದು ಸರಿಯಾದರೆ ಇಡೀ ಚಿತ್ರ ನಿಮ್ಮದೇ ಎಂದಿದ್ದರು.

ಹೊರಡುವ ಬೆಳಿಗ್ಗೆ ಗಡಿಬಿಡಿಯೋ ಗಡಿಬಿಡಿ. ಬಸ್ಸು ಅಷ್ಟು ದೂರದಲ್ಲಿ ಹಾರ್ನ್ ಹೊಡೆಯುತ್ತಿತ್ತು, ಚೈತ್ರಶ್ರೀ ಫೋನಿನಲ್ಲಿದ್ದಳು. ಒಳಗಿನಿಂದ ಅವ್ವ ಏನೋ ಕೇಳಿದಳು, ಇವಳು ಕೇಳಿಸಿಕೊಳ್ಳದೆ ಹೂಂ ಎಂದಳು. ಗಾದ್ರಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಇಟ್ಟು ಉಡಿ ತುಂಬಿದಳು: ಕುಪ್ಪಸದ ಕಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊನೆ, ಎಲೆ ಅಡಿಕೆ. ಅದನ್ನು ಗಂಟು ಕಟ್ಟಿ ಮಡಿಲಿಗಿಟ್ಟಳು. ಏಳುವಾಗ ಚೈತ್ರಶ್ರೀ ಲ್ಯಾಪ್‌ಟಾಪಿನ ಕಡೆ ಕಣ್ಣು ಹಾಯಿಸಿದಳು. ಡಾಂಗಲ್ ಅಲ್ಲಿರಲಿಲ್ಲ. ಎಂದಿನಂತೆ ಕಿತ್ತು ಚೀಲದ ಜಿಪ್ಪಿನಲ್ಲಿ ಹಾಕಿಕೊಂಡಿರುತ್ತೇನೆ ಎಂದುಕೊಂಡು ಬಸ್ಸು ಹತ್ತಿದಳು.

ಜಗಳೂರು ದಾಟಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಹೊನ್ನಾಳಿಯ ಹೊಳೆಯ ಸೇತುವೆ ಮೇಲೆ ಬರುತ್ತಿರುವಾಗ ರೇಣುಕಪ್ರಸಾದರ ಫೋನು ಬಂತು. ಆರು ತುಣುಕು ಒಪ್ಪಿಗೆಯಾಗಿವೆ, ಕೊನೆಯದರಲ್ಲಿ ನಾಯಕನ ಭುಜದ ಹತ್ತಿರ ಹಗ್ಗದ ನೆರಳು ಉಳಿದಿದೆ ಎಂದರು. ಸಂಜೆ ಆರಕ್ಕೆ ನಿರ್ದೇಶಕರು ನೋಡುತ್ತಾರಂತೆ. ಅಷ್ಟರಲ್ಲಿ ಸರಿಮಾಡಿ ಕಳಿಸಬೇಕು, ಇಲ್ಲವಾದರೆ ಬೇರೆಯವರ ಕೈಯಲ್ಲಿ ಮಾಡಿಸಬೇಕಾಗುತ್ತದೆ. ಒಂದು ಗಂಟೆಯ ಕೆಲಸ ಸಾರ್, ಮನೆಗೆ ಹೋದ ತಕ್ಷಣ ಮಾಡುತ್ತೇನೆ ಎಂದಳು.

ಮನೆ ಮುಟ್ಟಿದಾಗ ಮೂರೂವರೆ. ಬಾಗಿಲಲ್ಲೇ ಉಡಿಯ ಗಂಟನ್ನು ಅತ್ತೆಯ ಕೈಗಿತ್ತಳು. ಆ ಮನೆಯಲ್ಲಿ ಸೊಸೆ ತವರಿನ ಉಡಿಯನ್ನು ತಾನೇ ಬಿಚ್ಚುವಂತಿಲ್ಲ. ಅತ್ತೆ ದೇವರ ಮುಂದೆ ಬಿಚ್ಚಿ, ಅಕ್ಕಿಯನ್ನು ಮನೆಯ ಡ್ರಮ್ಮಿಗೆ ಬೆರೆಸಬೇಕು. ಅವರು ಗಂಟು ತೆಗೆದುಕೊಂಡು ಒಳಗೆ ಹೋದರು. ಇವಳು ಕೈಕಾಲು ತೊಳೆದು ಬಂದು ಕಂಪ್ಯೂಟರ್ ಹಚ್ಚಿ, ಚೀಲದ ಜಿಪ್ಪು ಎಳೆದು ಕೈ ಹಾಕಿದಳು.

ಡಾಂಗಲ್ ಇರಲಿಲ್ಲ.

ಚೀಲವನ್ನು ನೆಲಕ್ಕೆ ಸುರಿದಳು, ಸೀರೆಗಳನ್ನು ಒಂದೊಂದೇ ಕೊಡವಿದಳು. ಮಾರುತೇಶನಿಗೆ ಫೋನ್ ಮಾಡಿದರೆ, ಮನೆಯೆಲ್ಲ ನೋಡುತ್ತೇನೆ, ಅವ್ವ ಹೊಲಕ್ಕೆ ಹೋಗಿದ್ದಾಳೆ ಎಂದ. ಬಸ್ಸಿನ ಕಂಡಕ್ಟರನ್ನು ಹುಡುಕಿಸಿದಳು, ಅಲ್ಲೂ ಇಲ್ಲ. ನಾಲ್ಕೂಕಾಲಾಯಿತು. ಉಚ್ಚಂಗೆಮ್ಮ ಎರಡು ಸಲ ಬಾಗಿಲಿಗೆ ಬಂದು ಹೋದರು, ಏನೂ ಕೇಳಲಿಲ್ಲ. ಅವರ ಮುಖ ನೋಡಿದಾಗ ಚೈತ್ರಶ್ರೀಗೆ ಒಂದು ಕೆಟ್ಟ ಯೋಚನೆ ಬಂತು. ಬಾಗಿಲಲ್ಲಿ ಚೀಲ ಇಳಿಸಿ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿದ್ದೆನಲ್ಲ, ಆಗ ಅತ್ತೆಯೇ ತೆಗೆದು ಬಚ್ಚಿಟ್ಟರೇ? ಯೋಚನೆ ಬಂದದ್ದಷ್ಟೇ ಅಲ್ಲ, ಅವಳು ಹಿತ್ತಿಲಿಗೆ ಹೋಗಿ ಪ್ರದೀಪನಿಗೆ ಫೋನ್ ಮಾಡಿ ಅದನ್ನು ಆಡಿಯೂಬಿಟ್ಟಳು. ಅತ್ತೆಗೆ ಅದನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ ಎಂದಳು. ನಮ್ಮವ್ವ ಅಂಥದ್ದು ಮಾಡುವವಳಲ್ಲ ಎಂದು ಪ್ರದೀಪ ಫೋನಿಟ್ಟ.

ಅವಳು ಹಿತ್ತಿಲ ಕಲ್ಲಿನ ಮೇಲೆ ತಲೆಗೆ ಕೈ ಕೊಟ್ಟು ಕೂತಳು. ಆರು ಗಂಟೆ ಹೋದರೆ ಒಂದು ಚಿತ್ರ ಹೋಗುತ್ತದೆ, ಅಷ್ಟೇ. ಕೀಲಿಯೇ ಹೋದರೆ ಮತ್ತೆ ಆ ಹನ್ನೊಂದು ತಿಂಗಳು, ಅದರ ಮುಂದೆ ಇನ್ನೆಷ್ಟೋ. ಮಾರಲು ಈ ಸಲ ಬಳೆಯೂ ಇಲ್ಲ. ಅವಳಿಗೆ ಅಳು ಬಂತು, ಅತ್ತಳು.

ನಾಲ್ಕೂಮುಕ್ಕಾಲಿಗೆ ಮಾರುತೇಶನ ಫೋನು ಬಂತು. ಹೊಲಕ್ಕೇ ಹೋಗಿ ಅವ್ವನಿಗೆ ಕೊಟ್ಟಿದ್ದ.

"ಹೊಂಡೋವಾಗ ಕೇಳಿದ್ನಲ್ಲವ್ವಾ, ಕೀಲಿ ತೆಗೀಲಾ ಅಂತ? ಹೂಂ ಅಂದೆ. ಅದನ್ನ ನಿನ್ನ ಉಡಿಗೆ ಹಾಕೀನಿ, ಅಕ್ಕಿ ಒಳಗೆ ಐತೆ" ಎಂದಳು ಗಾದ್ರಮ್ಮ.

"ಉಡಿಗೆ ಯಾಕೆ ಹಾಕಾಕೆ ಹೋದೆ ಅವ್ವಾ?"

"ಬಳೆ ಕೊಟ್ಟು ತಗಂಡಿದ್ದಲ್ಲೇನು ಅದು? ಬಳೇನೂ ನಿನ್ನ ಉಡಿಗೇ ಹಾಕಿ ಕೊಟ್ಟಿದ್ದೆ."

ಚೈತ್ರಶ್ರೀ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಒಳಗೆ ಓಡಿ ಅಡುಗೆಮನೆಯ ಮೂಲೆಯ ಡ್ರಮ್ಮಿನ ಮುಚ್ಚಳ ತೆಗೆದು ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಮುಳುಗಿಸಿದಳು. ಮುಕ್ಕಾಲು ಡ್ರಮ್ಮು ಅಕ್ಕಿ ಇತ್ತು. ಮೊರ ಎಳೆದುಕೊಂಡು ಬೊಗಸೆ ಬೊಗಸೆಯಾಗಿ ಸುರಿಯತೊಡಗಿದಳು. ಹಿಂದಿನಿಂದ ಉಚ್ಚಂಗೆಮ್ಮನ ದನಿ ಕೇಳಿತು.

"ಅಕ್ಕಿ ಯಾಕೆ ಚೆಲ್ತೀಯ? ನಿನ್ನ ಕೀಲಿ ದೇವರ ಮುಂದೆ ಐತೆ."

ದೇವರ ಗೂಡಿನಲ್ಲಿ, ಅರಿಶಿಣದ ಕೊನೆ ಮತ್ತು ಕೊಬ್ಬರಿ ಬಟ್ಟಲಿನ ಪಕ್ಕ, ವೀಳ್ಯದೆಲೆಯ ಮೇಲೆ ಡಾಂಗಲ್ ಮಲಗಿತ್ತು. ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು.

"ಮೊದ್ಲೇ ಹೇಳಬಾರದಿತ್ತಾ ಅತ್ತೆ? ಒಂದು ಗಂಟೆಯಿಂದ ಹುಡುಕ್ತಾ ಇದೀನಿ."

"ಏನು ಹುಡುಕ್ತಾ ಇದೀಯ ಅಂತ ನಂಗೆ ಹೆಂಗೆ ಗೊತ್ತಾಗಬೇಕು? ತಮ್ಮನ್ನ ಕೇಳಿದೆ, ಕಂಡಕ್ಟರನ್ನ ಕೇಳಿದೆ. ಮನ್ಯಾಗಿದ್ದ ನನ್ನ ಕೇಳಲಿಲ್ಲ" ಎಂದರು ಉಚ್ಚಂಗೆಮ್ಮ. ಬಗ್ಗಿ ಡ್ರಮ್ಮಿನ ಮುಚ್ಚಳ ಎತ್ತಿಕೊಂಡು, "ಹಿತ್ತಲಿನಾಗೆ ಮಾತಾಡಿದ್ದು ಅಡುಗೆಮನಿಗೆ ಕೇಳ್ತೈತೆ ಕಣವ್ವಾ" ಎಂದರು.

ಚೈತ್ರಶ್ರೀಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಮೊದಲು ಹೋಗಿ ಕೆಲಸ ನೋಡು ಎಂದು ಉಚ್ಚಂಗೆಮ್ಮ ಮೊರ ಕಸಿದುಕೊಂಡು, ನೆಲದ ಮೇಲೆ ಬಿದ್ದಿದ್ದ ಅಕ್ಕಿ ಬಳಿಯಲು ಕೂತರು.

ಚುಚ್ಚಿದರೆ ಕಂಪ್ಯೂಟರು ಗುರುತು ಹಿಡಿಯಲಿಲ್ಲ. ತುದಿಯ ಲೋಹಕ್ಕೆ ಕುಂಕುಮ ತಾಗಿತ್ತು. ಸೆರಗಿನ ಚುಂಗಿನಿಂದ ತಿಕ್ಕಿ ತಿಕ್ಕಿ ಒರೆಸಿ ಮತ್ತೆ ಚುಚ್ಚಿದಳು. ಹಸಿರು ದೀಪ ಹತ್ತಿತು, ಹೋದ ಜೀವ ಬಂದ ಹಾಗಾಯಿತು. ನಾಯಕನ ಭುಜದ ನೆರಳು ಮೂವತ್ತೆಂಟು ಚಿತ್ರಗಳಲ್ಲಿತ್ತು. ಒಂದೊಂದೇ ಒರೆಸಿದಳು. ಆರಕ್ಕೆ ಏಳು ನಿಮಿಷ ಇರುವಾಗ ಕಳಿಸಿದಳು. ಆರೂಕಾಲಿಗೆ ರೇಣುಕಪ್ರಸಾದರಿಂದ ಎರಡು ಪದ ಬಂದವು: ಒಪ್ಪಿಗೆಯಾಯಿತು, ಮೇಡಂ.

ಅವಳು ಎದ್ದು ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತಪ್ಪಾಯಿತು ಎಂದಳು. ಉಚ್ಚಂಗೆಮ್ಮ ತಾವು ಸುಲಿಯುತ್ತಿದ್ದ ಅವರೆಕಾಯಿಯ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದರು. ಇವಳೂ ನಾಲ್ಕು ಕಾಯಿ ಎತ್ತಿಕೊಂಡು ಸುಲಿದಳು. ಕೊನೆಗೆ ತಡೆಯಲಾರದೆ, ನಿಮಗೆ ಅದನ್ನು ಕಂಡರೆ ಆಗುವುದಿಲ್ಲವಲ್ಲ, ಮತ್ತೆ ದೇವರ ಮುಂದೆ ಯಾಕೆ ಇಟ್ಟಿರಿ ಎಂದು ಕೇಳಿದಳು.

"ಆಗಲ್ಲ ಅಂದ್ರೆ ಆಗಲ್ಲ. ಬಳೆ ಹೋಯ್ತಲ್ಲ ಅಂತ ಈಗ್ಲೂ ಹೊಟ್ಟೆ ಉರೀತೈತೆ. ಆದ್ರೆ ಉಡಿಯಾಗೆ ಬಂದಿದ್ದು ಹೆಣ್ಣುಮಗಳ್ದು. ಅದರ ಮ್ಯಾಲೆ ಅತ್ತಿಗೂ ಹಕ್ಕಿಲ್ಲ, ಗಂಡಗೂ ಹಕ್ಕಿಲ್ಲ. ಆಕಿ ಎಲ್ಲಿಗೆ ಹೋದ್ರೆ ಅದೂ ಅಲ್ಲಿಗೆ."

ಚೈತ್ರಶ್ರೀ ಎದ್ದು ಹೋಗಿ ಕಪಾಟಿನಿಂದ ಕಂಪನಿಯವರ ಕಾಗದ ತಂದಳು. ಮೂರು ವರ್ಷದಲ್ಲಿ ಅವಳು ಅದರಲ್ಲಿ ಓದಿಕೊಂಡಿದ್ದು ಕಳೆದುಕೊಂಡರೆ ಎಂಬ ಸಾಲೊಂದೇ. ಅದರ ಮೇಲಿನ ಸಾಲನ್ನು ಈಗ ಬೆರಳಿಟ್ಟು ಕನ್ನಡದಲ್ಲಿ ಹೇಳಿದಳು: ಈ ಅನುಮತಿ ಯಾವ ಯಂತ್ರಕ್ಕೂ ಯಾವ ಸ್ಥಳಕ್ಕೂ ಸೇರಿದ್ದಲ್ಲ, ಇಲ್ಲಿ ಹೆಸರಿಸಿದ ವ್ಯಕ್ತಿಗೆ ಸೇರಿದ್ದು, ಅವರು ಹೋದಲ್ಲಿಗೆ ಒಯ್ಯಬಹುದು. ಕೆಳಗೆ ಅವಳ ಹೆಸರಿತ್ತು.

ಉಚ್ಚಂಗೆಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾನೂ ಅದನ್ನೇ ಹೇಳಿದ್ದು" ಎಂದರು.