ಬಡಿದು ಕೇಳಿದ್ದೇ ಅಪರಾಧವಾಯಿತು

ಅಳಿಯ ಕೆಲಸ ಮಾಡುವ ಸಕ್ಕರೆ ಕಾರ್ಖಾನೆಗೆ ಒಮ್ಮೆ ಹೋಗಿದ್ದೆ. ಕಬ್ಬಿನ ಹಂಗಾಮಿಗೆ ಮೊದಲು ಯಂತ್ರಗಳ ತಪಾಸಣೆ ನಡೆದಿತ್ತು. ಪರೀಕ್ಷಕನೊಬ್ಬ ದಪ್ಪ ಕಬ್ಬಿಣದ ದಂಡದ ಮೇಲೆ ಗ್ರೀಸ್ ಸವರಿ, ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತುವೊಂದನ್ನು ಅದರ ಮೇಲೆ ಮೆಲ್ಲಗೆ ಜರುಗಿಸುತ್ತಿದ್ದ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಹಸಿರು ಗೆರೆ ಓಡುತ್ತಿತ್ತು.

"ಇದು ಕಿವಿಗಿ ಕೇಳದ ಸದ್ದು ನೋಡ್ರಿ ಅಮ್ಮಾ," ಎಂದ. "ಕಬ್ಬಿಣದಾಗ ಹೋಗ್ತದ. ಒಳಗ ಬಿರುಕಿದ್ರ ಅದಕ್ಕ ಬಡದು ತಿರುಗಿ ಬರ್ತದ. ಒಡೀಬೇಕಾಗಿಲ್ಲ, ಕೊರೀಬೇಕಾಗಿಲ್ಲ."

ಅಷ್ಟರಲ್ಲಿ ಗೆರೆ ಒಂದು ಕಡೆ ಚಿಮ್ಮಿ ನಿಂತಿತು. ಅವನು ಕೈ ಎತ್ತಿದ. ದೊಡ್ಡ ಸಾಹೇಬರು ಬಂದು ಗಾಜು ನೋಡಿ, ಕೂಡಲೇ ಆ ದಂಡವನ್ನು ಬಿಚ್ಚಲು ಹೇಳಿದರು. ನೀನು ಯಾರು, ಯಾವ ಜನ, ನಿನ್ನ ಮಾತು ಯಾಕೆ ನಂಬಬೇಕು ಎಂದು ಯಾರೂ ಕೇಳಲಿಲ್ಲ. ಅಲ್ಲೇ ನಿಂತಿದ್ದ ನನಗೆ ಕಿವಿ ಕಾಯುವಷ್ಟು ಸಿಟ್ಟು ಬಂತು. ಅಳಿಯ ಗಾಬರಿಯಾಗಿ ನೀರು ತಂದುಕೊಟ್ಟ. ಅವನಿಗೆ ಈ ಕಥೆ ಗೊತ್ತಿರಲಿಲ್ಲ.

ನಿಜಾಮನ ಹೈದರಾಬಾದಿಗೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ ಆದ ಮರುವರ್ಷದ ಮಾತು. ಮದುವೆಯಾಗಿ ಸಾಯಗಾಂವದಿಂದ ಭಾಲ್ಕಿಗೆ ಬಂದಿದ್ದೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಗಂಡ ಗಂಟು ಕಟ್ಟುತ್ತಿದ್ದ. ನಾನು ಹೆಂಗಸರ ಸಾಲಿನಲ್ಲಿ ಕೂತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದೆ. ನನ್ನ ಬೆನ್ನ ಹಿಂದೆಯೇ ಇಂಜಿನ್ನಿನ ದೊಡ್ಡ ಗಾಲಿ. ಬೀಡುಕಬ್ಬಿಣದ ಆ ಗಾಲಿ ಎರಡಾಳು ಎತ್ತರವಿತ್ತು, ಅದಕ್ಕೆ ಆರು ತೋಳು. ತಿರುಗುವಾಗ ಸೆರಗು ಹಾರುವಷ್ಟು ಗಾಳಿ.

ಇಂಜಿನ್ ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಮಿಸ್ತ್ರಿ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲು ಅವರು ಅಡಕೆ ಕುಟ್ಟುವಷ್ಟು ಸಣ್ಣ ಸುತ್ತಿಗೆಯಿಂದ ಗಾಲಿಯ ತೋಳುಗಳನ್ನು ಒಂದೊಂದಾಗಿ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆರೂ ತೋಳು ಗಂಟೆಯ ಹಾಗೆ ನುಡಿದರೆ "ಚಲೋ ಅದ" ಎಂದು ಕೈಮಾಡುತ್ತಿದ್ದರು. ಆಮೇಲೆಯೇ ನಾವು ಕೂರುವುದು.

ಹಳೆಯ ಮಾಲೀಕರು ಮಿಲ್ಲು ಮಾರಿ ಹೋದ ಮೇಲೆ ಹೊಸ ಮ್ಯಾನೇಜರ್ ಬಂದಿದ್ದ. ಹೆಚ್ಚು ಹತ್ತಿ ಹೊರಡಬೇಕೆಂದು ಇಂಜಿನ್ನನ್ನು ಜೋರಾಗಿ ಓಡಿಸುತ್ತಿದ್ದ. ಬೇಡವೆಂದು ಚಾಚಾ ಎರಡು ಸಲ ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ.

ಒಂದು ಬೆಳಿಗ್ಗೆ ಐದನೆಯ ತೋಳು ನುಡಿಯಲಿಲ್ಲ. ಒಡೆದ ಗಡಿಗೆಯ ಹಾಗೆ ಥಪ್ ಎಂದಿತು. ಚಾಚಾ ಮತ್ತೊಮ್ಮೆ ತಟ್ಟಿದರು. ನನ್ನನ್ನು ಕರೆದು, "ನಿನ್ನ ಕಿವಿ ಎಳೀದು ಬೇಟಿ, ಹ್ಯಾಂಗ ಕೇಳಸ್ತದ ಹೇಳು," ಎಂದರು.

"ಸತ್ತಂಗ ಕೇಳಸ್ತದರಿ ಚಾಚಾ."

ಇಂಜಿನ್ ಹಚ್ಚಲಿಲ್ಲ. ಮ್ಯಾನೇಜರ್ ಕೂಗಾಡುತ್ತ ಬಂದ. ಚಾಚಾ ಅವನೆದುರೇ ಆ ತೋಳಿಗೆ ಸೀಮೆಎಣ್ಣೆ ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಚೊಕ್ಕವಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ನಾವು ಹೆಂಗಸರೆಲ್ಲ ಸುತ್ತ ನಿಂತಿದ್ದೆವು. ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ಮೆಲ್ಲಗೆ ಮೂಡಿ, ಗೇಣುದ್ದ ಹರಿಯಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಬರುತ್ತಿತ್ತು.

"ಇವತ್ತು ಓಡಿಸಿದ್ರ ಗಾಲಿ ಸಿಡೀತಿತ್ರಿ ಸಾಬ್. ಈ ಹೆಣ್ಮಕ್ಕಳೊಳಗ ಒಬ್ಬಾಕಿನೂ ಉಳೀತಿರಲಿಲ್ಲ," ಎಂದರು ಚಾಚಾ.

ಕೈಮುಗಿಯಬೇಕಾದ ಮನುಷ್ಯ ಏನು ಮಾಡಿದ ಗೊತ್ತೇ? ಆ ಗೆರೆಯನ್ನು ನೋಡಿ, ಚಾಚಾನ ಕೈಯ ಸುತ್ತಿಗೆಯನ್ನು ನೋಡಿ, "ದಿನಾ ಬಡದು ಬಡದು ಒಡದೀಯಲ್ಲ!" ಎಂದ. "ಬೇಕಂತ ಮಾಡೀದಿ. ನಿಮ್ಮ ಮಂದಿ ಬುದ್ಧಿ ಗೊತ್ತಿಲ್ಲೇನು ನನಗ?"

ಆ ದಿನಗಳಲ್ಲಿ ಮುಸಲ್ಮಾನನೊಬ್ಬನ ಮೇಲೆ ಅಂಥ ಮಾತು ಬಂದರೆ ಬಾಯಿಮಾತಾಗಿ ಉಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು. ಜೊತೆಗೆ ಒಂದು ಕಾಗದ ತಯಾರಾಯಿತು. ಎಲ್ಲರೂ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ಆಗಿನ ಕಚೇರಿ ಕಾಗದಗಳಂತೆ ಅದೂ ಉರ್ದುವಿನಲ್ಲಿತ್ತು. ಮಿಲ್ಲಿನ ಕೂಲಿಗಳಿಗೆ ಓದು ಬರುವುದಿಲ್ಲವೆಂದು ಮ್ಯಾನೇಜರ್ ನಂಬಿದ್ದ. ನನ್ನ ಅಪ್ಪ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಸರಕಾರಿ ಕಾಗದ ಓದಲು ಬಂದರೆ ಯಾರೂ ಮೋಸ ಮಾಡಲಾರರೆಂದು ನನ್ನನ್ನು ನಾಲ್ಕು ವರ್ಷ ಉರ್ದು ಶಾಲೆಗೆ ಕಳಿಸಿದ್ದ.

ನಾನು ಓದಿದೆ. ಮಿಸ್ತ್ರಿ ಕಲ್ಲು ಒಡೆಯುವ ದೊಡ್ಡ ಘನದಿಂದ ಗಾಲಿಗೆ ಹೊಡೆಯುವುದನ್ನು ಕಣ್ಣಾರೆ ಕಂಡೆವು ಎಂದು ಬರೆದಿತ್ತು. ಅದರ ಕೆಳಗೆ ಹದಿನಾಲ್ಕು ಹೆಬ್ಬೆಟ್ಟು. ನಾಲ್ಕನೆಯದರ ಪಕ್ಕ ನನ್ನ ಗಂಡನ ಹೆಸರು.

"ಇದು ಸುಳ್ಳದ," ಎಂದೆ. "ಘನ ಅಲ್ಲ, ಸಣ್ಣ ಸುತ್ತಿಗಿ. ಹೊಡದಿಲ್ಲ, ತಟ್ಯಾರ. ನಾ ಒತ್ತಂಗಿಲ್ಲ."

ಸಾಲು ನಿಂತುಬಿಟ್ಟಿತು. ನನ್ನ ಹಿಂದಿದ್ದ ಏಳು ಹೆಂಗಸರು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಮ್ಯಾನೇಜರ್ ನನ್ನನ್ನು ಅಲ್ಲಿಂದಲೇ ಹೊರಗೆ ಹಾಕಿದ. ಆದರೂ ಪೊಲೀಸರು ಚಾಚಾನನ್ನು ಬೀದರಿನ ಜೈಲಿಗೆ ಒಯ್ದರು.

ಮನೆಯಲ್ಲಿ ಗಂಡನೊಂದಿಗೆ ಆ ದಿನ ಆಡಿದಂಥ ಜಗಳ ಮತ್ತೆಂದೂ ಆಡಿಲ್ಲ.

"ಏನ್ ಬರದಾರಂತ ಕೇಳಬಾರದೇನು?"

"ಎಲ್ಲರೂ ಒತ್ತಿದ್ರು, ನಾನೂ ಒತ್ತಿದೆ," ಎಂದ ಅವನು ನೆಲ ನೋಡುತ್ತ.

"ನಾ ಕೂಡೋದು ಆ ಗಾಲಿ ಮುಂದ! ನಿನ್ನ ಹೇಣ್ತಿ ಜೀವಾ ಉಳಿಸಿದವರ ಕುತ್ತಿಗಿಗಿ ಹೆಬ್ಬೆಟ್ಟು ಒತ್ತಿ ಬಂದೀಯಲ್ಲ!"

ಅವನು ಎರಡು ದಿನ ಊಟ ಮಾಡಲಿಲ್ಲ. ನಾನೂ ಮಾಡೆಂದು ಹೇಳಲಿಲ್ಲ.

ಹೊಸ ಗಾಲಿ ಕೂರಿಸಲು ಹೈದರಾಬಾದಿನಿಂದ ತೆಲುಗು ಮಾತಾಡುವ ಇಂಜಿನಿಯರ್ ಒಬ್ಬರು ಬಂದರು. ಹಳೆಯ ಗಾಲಿಯನ್ನು ಮಿಲ್ಲಿನ ಅಂಗಳದಲ್ಲೇ ಒಡೆಸಿದರು. ಐದನೆಯ ತೋಳು ಮುರಿದು ಬಿದ್ದಾಗ ಅದನ್ನೆತ್ತಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರಂತೆ: ಮುರಿದ ಮುಖದ ಅರ್ಧ ತುಕ್ಕು ಹಿಡಿದು ಕಪ್ಪಾಗಿದೆ, ಅದು ತಿಂಗಳುಗಟ್ಟಲೆ ಹಳೆಯ ಬಿರುಕು. ಈಗ ಒಡೆದ ಅರ್ಧ ಮಾತ್ರ ಬೆಳ್ಳಗೆ ಹೊಳೆಯುತ್ತಿದೆ. ಅತಿ ವೇಗಕ್ಕೆ ಹೀಗಾಗುತ್ತದೆ, ಸಣ್ಣ ಸುತ್ತಿಗೆಗಲ್ಲ.

ಆ ಮುರಿದ ತುದಿಯ ಗೇಣುದ್ದದ ತುಂಡೊಂದನ್ನು ಗಂಡ ಹೆಗಲ ಮೇಲೆ ಹೊತ್ತು ಮನೆಗೆ ತಂದ. "ನಡಿ ಬೀದರಿಗಿ," ಎಂದ.

ಮೂರು ಸಲ ರೈಲು ಹತ್ತಿ ಹೋದೆವು. ಎರಡು ಸಲ ಬಾಗಿಲಲ್ಲೇ ಕೂರಿಸಿ ಕಳಿಸಿದರು. ಮೂರನೆಯ ಸಲ ಅಧಿಕಾರಿಯೊಬ್ಬ ಒಳಗೆ ಕರೆದ. ಗಂಡ ಕೈಕಟ್ಟಿ ನಿಂತು, "ಓದಿಸಿ ಕೇಳದೇ ಹೆಬ್ಬೆಟ್ಟು ಒತ್ತೀನ್ರಿ ಸಾಹೇಬ, ತಪ್ಪು ನಂದದ," ಎಂದ. ನಾನು ಕಪ್ಪು ಅರ್ಧ, ಬಿಳಿ ಅರ್ಧ ತೋರಿಸಿದೆ. ಅಧಿಕಾರಿ ಆ ತುಂಡನ್ನು ಒಮ್ಮೆ ತಿರುಗಿಸಿ ನೋಡಿ, ಫ್ಯಾನಿನ ಗಾಳಿಗೆ ಹಾರುತ್ತಿದ್ದ ತನ್ನ ಕಾಗದಗಳ ಮೇಲೆ ಇಟ್ಟುಕೊಂಡ. "ಚಲೋ ಭಾರ ಅದ," ಎಂದು ನಕ್ಕ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕೆಲವು ವಾರಗಳ ಮೇಲೆ ಚಾಚಾನನ್ನು ಬಿಟ್ಟರು. ನಿರಪರಾಧಿ ಎಂದಲ್ಲ, ಪುರಾವೆ ಸಾಲದು ಎಂದು. ಆ ಮಾತು ಸಾಕಾಯಿತು, ಯಾವ ಮಿಲ್ಲಿನವರೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಔರಾದ ಕಡೆಯ ಠಾಣಾ ಕುಶನೂರಿನ ಮಗಳ ಮನೆಗೆ ಚಾಚಾ, ಅವರ ಹೆಂಡತಿ ಚಾಚಿ ಇಬ್ಬರೂ ಹೋದರು. ನನ್ನ ಗಂಡನನ್ನೂ ಮಿಲ್ಲಿನಿಂದ ತೆಗೆದರು. ನಾವು ಸಾಯಗಾಂವಕ್ಕೆ ಬಂದು ತೊಗರಿ ಬಿತ್ತಿದೆವು. ಮ್ಯಾನೇಜರ್ ಮಾತ್ರ ಅದೇ ಕುರ್ಚಿಯಲ್ಲಿ ಬಹಳ ವರ್ಷ ಕೂತ.

ವರ್ಷಕ್ಕೊಮ್ಮೆ ಕುಶನೂರಿಗೆ ಹೋಗುತ್ತಿದ್ದೆ. ಚಾಚಾನ ಹೆಸರಿನ ಮೇಲಿನ ಕಲೆ ತೆಗೆಯಿರಿ ಎಂದು ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದೆ. ಅವರು ಸಹಿ ಮಾಡುತ್ತಿದ್ದರು. "ಯಾಕ ಕೈ ನೋಯಿಸ್ಕೋತಿ ಬೇಟಿ," ಎನ್ನುತ್ತಿದ್ದರು, ಆದರೆ ಸಹಿಯನ್ನು ಬಲು ಚೆಂದ ಮಾಡುತ್ತಿದ್ದರು. ಒಂದಕ್ಕೂ ಉತ್ತರ ಬರಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಗಳಲ್ಲಿ ಕನ್ನಡ ಬಂತು. ಮನೆಯಲ್ಲಿ ಆಡುತ್ತಿದ್ದ ಭಾಷೆಯನ್ನು ಬರೆಯಲು ನಾನು ಕಲಿತದ್ದು ಆ ಅರ್ಜಿಗಾಗಿಯೇ. ಕನ್ನಡದಲ್ಲಿ ಬರೆದ ಮೊದಲ ಅರ್ಜಿಗೆ ಉತ್ತರ ಬಂತು: ಸಂಬಂಧಪಟ್ಟ ಕಾಗದಪತ್ರಗಳು ಹೈದರಾಬಾದಿಗೆ ಹೋಗಿವೆ, ಈ ಕಚೇರಿ ಏನೂ ಮಾಡಲಾರದು. ಅದು ಬರುವಷ್ಟರಲ್ಲಿ ಚಾಚಾ ತೀರಿಕೊಂಡಿದ್ದರು.

ಆ ಉತ್ತರವನ್ನು ಕುಶನೂರಿಗೆ ಒಯ್ದು ಚಾಚಿಯ ಮುಂದೆ ಓದಿದೆ. ಜೋಳ ಹಸನು ಮಾಡುತ್ತಿದ್ದ ಆಕೆ ಮೊರವನ್ನು ಕೆಳಗಿಟ್ಟರು. ಅಳುತ್ತಾರೆಂದುಕೊಂಡೆ. ಅವರು ಅಳಲಿಲ್ಲ.

"ಹೈದರಾಬಾದದ ಆ ಕಚೇರಿ ಪತ್ತಾ ಗೊತ್ತದೇನು ನಿನಗ?" ಎಂದು ಕೇಳಿದರು.

"ಗೊತ್ತು ಮಾಡ್ಕೋತೇನಿ ಚಾಚಿ."

"ಹಂಗಾದ್ರ ಬರಿ. ಈ ಸಲ ನಾ ಹೆಬ್ಬೆಟ್ಟು ಒತ್ತತೇನಿ. ಏನ್ ಬರದಿ ಅನ್ನೋದು ಮೊದಲು ನನಗ ಓದಿ ಹೇಳು."