ಉದುರಬೇಕಾದ ಸುಣ್ಣ

ಆ ಕಬ್ಬಿಣದ ಪಟ್ಟಿಗೆ ನಾನು ಕೊಟ್ಟದ್ದು ಆರುನೂರು ರೂಪಾಯಿ. ಶಿಗ್ಗಾಂವಿಯ ಅಂಗಡಿಯವನು ಒಂಬೈನೂರು ಹೇಳಿದ್ದ. ನಡುವೆ ಯಾರೋ ತಪ್ಪಿ ಕೊರೆದ ತೂತೊಂದಿತ್ತು. ಅದನ್ನೇ ಬೆರಳಿಟ್ಟು ತೋರಿಸಿ ಮುನ್ನೂರು ಇಳಿಸಿದೆ.

ಬೋರ್‌ವೆಲ್ಲಿನಿಂದ ಪಂಪು ಎತ್ತುವುದು ನನ್ನ ಕಸುಬು. ಮೂರು ಕಾಲಿನ ಚೌಕಟ್ಟು, ಅದರಿಂದ ಇಳಿಬಿಟ್ಟ ಪಟ್ಟಿ, ಪಟ್ಟಿಗೆ ತೂಗುವ ಚೈನ್ ಪುಲ್ಲಿ. ಇಷ್ಟರಲ್ಲೇ ಮನೆ ಕಟ್ಟಿದವನು ನಾನು. ಸವಣೂರಿನಲ್ಲಿ ಇದೇ ಕೆಲಸದವನು ಇನ್ನೊಬ್ಬನಿದ್ದ. ವಯಸ್ಸು ನನಗಿಂತ ಕಡಿಮೆ, ದರ ನನಗಿಂತ ಜಾಸ್ತಿ. ಆದರೂ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಜನ ಅವನನ್ನೇ ಕರೆಯುತ್ತಿದ್ದರು. ಅವನ ಸುದ್ದಿ ಕಿವಿಗೆ ಬಿದ್ದ ದಿನ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಅವನಲ್ಲಿದ್ದು ನನ್ನಲ್ಲಿಲ್ಲದ್ದು ಒಂದೇ ಕಂಡಿತು: ಅವನು ಪಟ್ಟಿಗೆ ಸುಣ್ಣ ಬಳಿಯುತ್ತಿದ್ದ. ಕಬ್ಬಿಣಕ್ಕೂ ದೀಪಾವಳಿ ಮಾಡುತ್ತಾನೆಂದು ಸಂತೆಯಲ್ಲಿ ನಾಲ್ಕು ಜನರೆದುರು ಆಡಿಕೊಂಡೆ. ಅವನು ನಕ್ಕುಬಿಟ್ಟ. ಆ ನಗು ಇನ್ನಷ್ಟು ಉರಿಸಿತು. ಬೆಳ್ಳಗೆ ಕಂಡರೆ ಗಿರಾಕಿ ನಂಬುತ್ತಾನೆಂದು ತಿಳಿದು ನಾನೂ ಬಳಿದೆ. ಅವನ ಸುಣ್ಣ ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ನಾನು ಅಂಟು ಕಲಸಿ, ಎರಡು ಸಲ ಬಳಿದೆ, ಉದುರದಂತೆ.

ಹಿರೇಬೆಂಡಿಗೇರಿಯ ಒಬ್ಬ ಗೌಡರ ಕೆಲಸವನ್ನು ಅವನಿಗಿಂತ ಕಡಿಮೆ ದರ ಹೇಳಿ ಹಿಡಿದೆ. ಪಂಪು ಕೆಸರಿನಲ್ಲಿ ಕಚ್ಚಿಕೊಂಡಿತ್ತು. ನನ್ನ ಇಬ್ಬರು ಆಳುಗಳು ಪುಲ್ಲಿಯ ಕೆಳಗೆ ಬಗ್ಗಿ ಪೈಪು ಹಿಡಿದಿದ್ದರು, ನಾನು ಸರಪಳಿ ಜಗ್ಗುತ್ತಿದ್ದೆ. ತಡಸಕ್ಕೆ ಹೊರಟಿದ್ದ ಸವಣೂರಿನವನು ಗಾಡಿ ನಿಲ್ಲಿಸಿ ನೋಡುತ್ತ ನಿಂತ. ಕಣ್ಣು ಹಾಕಲು ಬಂದನೆಂದು ಇನ್ನೂ ಜೋರಾಗಿ ಜಗ್ಗಿದೆ. ಅವನು ಹತ್ತಿರ ಬಂದು, ಕೈ ಚಾಚಿ, ಗಾಡಿಯ ಕೀಲಿಯಿಂದ ಪಟ್ಟಿಯ ತೂತಿನ ಸುತ್ತ ನನ್ನ ಸುಣ್ಣ ಕೆರೆದ.

"ಅಣ್ಣಾರ, ಜಗ್ಗೂದು ನಿಲ್ಲಸ್ರಿ. ಅವ್ರಿಬ್ಬರ್ನೂ ಹಿಂದ ಸರಸ್ರಿ."

"ಕೆಲಸ ಸಿಗಲಿಲ್ಲಂತ ಹೊಟ್ಟಿ ಉರಿಯಾಕತ್ತೇತೇನು?"

"ಹೊಟ್ಟಿ ಮಾತು ಆಮ್ಯಾಲ ಆಡೂಣು. ಈ ಗೆರಿ ನೋಡ್ರಿ."

ಸುಣ್ಣದ ಕೆಳಗೆ, ಕಬ್ಬಿಣದ ಕರಿ ಪದರಿನಲ್ಲಿ, ಆ ತೂತಿನಿಂದ ಗೆರೆಗಳು ಓರೆಯಾಗಿ ಹೊರಟಿದ್ದವು. ಆಳುಗಳನ್ನು ಸರಿಸಿದೆ. ಭಾರ ಇಳಿಸಿದೆ.

ಅವನು ತನ್ನ ಪಟ್ಟಿ ತಂದು ಪಂಪು ಎತ್ತಿದ. ಚಹಾ ಕುಡಿಯುವಾಗ ಬಿಡಿಸಿ ಹೇಳಿದ. ಕಬ್ಬಿಣ ಒಳಗೆ ಸಕ್ಕರೆಯಂತೆ ಹರಳು ಹರಳು. ಒಂದೊಂದು ಹರಳೂ ಇಸ್ಪೀಟಿನ ಕಟ್ಟಿನಂತೆ. ನಾವು ನೆಟ್ಟಗೆ ಜಗ್ಗಿದರೂ ಎಲೆಗಳು ಓರೆಯಾಗಿ ಒಂದರ ಮೇಲೊಂದು ಜಾರುತ್ತವೆ. ಎಲ್ಲ ಕಡೆ ಒಟ್ಟಿಗೆ ಅಲ್ಲ. ತೂತಿನಂಥ ಸೋತ ಜಾಗದಲ್ಲಿ ಮೊದಲು ಜಾರಿ, ಪಟ್ಟೆಯಾಗಿ ಹಬ್ಬುತ್ತದೆ. ತೆಳು ಸುಣ್ಣ ಅಲ್ಲಿ ಉದುರುತ್ತದೆ. ಪಟ್ಟಿ ಕೈಕೊಡುವ ಮೊದಲೇ ಗೆರೆ ಕಾಣಲಿ ಎಂದು, ಉದುರಲೆಂದೇ ಬಳಿಯುವುದು. ಐಟಿಐಯಲ್ಲಿ ಕಲಿಸಿದ್ದರಂತೆ.

ಇಬ್ಬರು ಉಳಿದರಲ್ಲ ಎಂಬ ಸಮಾಧಾನಕ್ಕಿಂತ, ಆ ಇಬ್ಬರೂ ಅವನನ್ನು 'ಸಾಹೇಬ್ರ' ಎಂದು ಕರೆದದ್ದೇ ನನಗೆ ಹೆಚ್ಚು ಚುಚ್ಚಿತು. ಸುಳ್ಳು ಯಾಕೆ ಹೇಳಲಿ.

ನೀವು ಭಾರ ಎತ್ತುವವರಾದರೆ ಸುಣ್ಣ ತೆಳುವಾಗಿ ಕಲಸಿ, ಅಂಟು ಬೇಡ. ಪ್ರತಿ ಸಲ ನೋಡಿ. ಓರೆ ಗೆರೆ ಕಂಡರೆ ಪಟ್ಟಿ ಎಷ್ಟೇ ಹೊಸದಿರಲಿ, ಬಗ್ಗಿಸಿ ಗುಜರಿಗೆ ಹಾಕಿ. ನೆಟ್ಟಗಿದ್ದರೆ ಇನ್ನೊಬ್ಬ ಕೊಂಡು ತೂಗುಹಾಕುತ್ತಾನೆ. ಎದುರಾಳಿ ಬಂದು ನಿಮ್ಮ ಕೆಲಸ ನೋಡುತ್ತ ನಿಂತರೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಸರಪಳಿಯಿಂದ ಕೈ ತೆಗೆದು, ಏನು ಕಂಡಿತೆಂದು ಮೊದಲು ಅವನನ್ನು ಕೇಳಿ.