ಇಶಾಳ ಸ್ವೆಟರಿನ ಮೇಲಿನ ಹೆಸರು

ಅಮೆರಿಕದ ಸೈಪ್ರೆಸ್ ಊರಿನ ಉದಯಶಂಕರನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಬೀಗ ಹಾಕಿದ ಕಾರಿನ ಬಾಗಿಲನ್ನು ಜಗ್ಗಿ ನೋಡದೆ ಹೆಜ್ಜೆ ಕೀಳುವ ಆಸಾಮಿಯಲ್ಲ. ಮಗಳು ಇಶಾ ಎಲಿಮೆಂಟರಿ ಶಾಲೆಗೆ ಸೇರಿದಾಗ, ಅವಳ ಸ್ವೆಟರಿನಿಂದ ಊಟದ ಡಬ್ಬಿಯವರೆಗೆ ಎಲ್ಲದರ ಮೇಲೂ ಹೆಸರನ್ನು ಕನ್ನಡದಲ್ಲೇ ಬರೆದ. ಇಂಗ್ಲಿಷಿನಲ್ಲಿ ಬರೆದರೆ ದಾರಿಹೋಕರೂ ಮಗುವನ್ನು ಹೆಸರು ಹಿಡಿದು ಕರೆದಾರು ಎಂಬ ಭಯ.

ಚಳಿಗಾಲದಲ್ಲಿ ಆ ವಸ್ತುಗಳು ಒಂದೊಂದಾಗಿ ಕಾಣೆಯಾದವು. "ಸ್ಕೂಲ್ ತುಂಬಾ ಕಳ್ಳರು!" ಎಂದು ಹೆಂಡತಿ ನಳಿನಿಯ ಮುಂದೆ ಗುಡುಗಿದ. ಇಶಾಳ ಗೆಳತಿಯರು ಮನೆಗೆ ಬಂದರೆ ಅವರ ಬ್ಯಾಗುಗಳ ಮೇಲೇ ಕಣ್ಣಿಡುತ್ತಿದ್ದ.

ಸ್ಪ್ರಿಂಗ್ ಬ್ರೇಕ್ ರಜೆಗೆ ಮುಂಚಿನ ಶುಕ್ರವಾರ, ಮಕ್ಕಳು ಕಳೆದುಕೊಂಡ ಸಾಮಾನನ್ನೆಲ್ಲ ಶಾಲೆಯವರು ಮೇಜಿನ ಮೇಲೆ ಹರಡಿದ್ದರು. ಯಾರೂ ಒಯ್ಯದಿದ್ದರೆ ದಾನಕ್ಕೆ ಹೋಗುತ್ತದೆ. ಗಂಡ ಹೆಂಡತಿ ಹೋಗಿ ನೋಡಿದರೆ ಇಶಾಳದ್ದೆಲ್ಲವೂ ಅಲ್ಲೇ ಬಿದ್ದಿತ್ತು. "ಇದು ಹೆಸರು ಅಂತ ಗೊತ್ತಾಗಲಿಲ್ಲ, ಡಿಸೈನ್ ಅಂದುಕೊಂಡೆವು," ಎಂದು ಟೀಚರ್ ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಅಷ್ಟರಲ್ಲಿ, ತಮ್ಮ ಮಗಳನ್ನು ಆ ಶಾಲೆಗೆ ಹೊಸದಾಗಿ ಸೇರಿಸಿದ್ದ ಹುಬ್ಬಳ್ಳಿಯವರೊಬ್ಬರು ಆ ಸ್ವೆಟರ್ ಎತ್ತಿ ಹಿಡಿದು, "ಇಶಾ ಅಂದ್ರ ಯಾರ್ರೀ? ನಮ್ಮ ಕನ್ನಡದಾಗ ಬರದಾರ ನೋಡ್ರಿ!" ಎಂದು ಖುಷಿಯಿಂದ ಕೂಗಿದರು.

ಉದಯಶಂಕರ ಸ್ವೆಟರನ್ನು ಕಸಿದುಕೊಂಡು ಕಾರಿನತ್ತ ನಡೆದ. ಇನ್ನಾದರೂ ಬುದ್ಧಿ ಬಂದಿರಬಹುದು ಎಂದು ನಳಿನಿ ಕಾದಳು. ಅವನು ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದ:

"ಇಲ್ಲಿ ಕನ್ನಡ ಓದೋರೂ ಇದಾರೆ ಕಣೇ. ಇನ್ಮೇಲೆ ಹೆಸರೇ ಬರೆಯೋದು ಬೇಡ."